ಕ್ಯಾಮೆರಾವನ್ನು ನಂಬಿದ ಸೇನಾನಿ

ಸೋವಿಯತ್ ಸೇನೆಗೆ ಸೆಡ್ಡು ಹೊಡೆದು ‘ಪಂಜ್‌ಶಿರ್‌ನ ಸಿಂಹ’ ಎನಿಸಿಕೊಂಡ ಅಹಮದ್ ಶಾ ಮಸೂದ್‌ನನ್ನು ಹೊರಜಗತ್ತಿಗೆ ಪರಿಚಯಿಸಿದ್ದು ಕ್ಯಾಮೆರಾ. ಅವನ ಸಾವು ಬಂದದ್ದೂ ಕ್ಯಾಮೆರಾ ಹಿಡಿದವರ ರೂಪದಲ್ಲೇ.

ಅಫ್ಘಾನಿಸ್ತಾನದ ಪಂಜ್‌ಶಿರ್ ಕಣಿವೆಯಲ್ಲಿ 1953ರಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದ ಮಸೂದ್, ಕಾಬೂಲಿನ ಇಸ್ತಿಕ್ಲಾಲ್ ಶಾಲೆಯಲ್ಲಿ ಫ್ರೆಂಚ್ ಕಲಿತು, ಬಳಿಕ ಪಾಲಿಟೆಕ್ನಿಕ್ ಸೇರಿದ. 1975ರಲ್ಲಿ ಸರ್ಕಾರದ ವಿರುದ್ಧ ಕಣಿವೆಯಲ್ಲಿ ಎದ್ದ ದಂಗೆಯಲ್ಲಿ ಅವನು ಪಾಲ್ಗೊಂಡ. ಜನರ ಬೆಂಬಲವಿಲ್ಲದೆ ದಂಗೆ ಸೋತಿತು. ಮಸೂದ್ ಪಾಕಿಸ್ತಾನಕ್ಕೆ ಪಲಾಯನ ಮಾಡಬೇಕಾಯಿತು.

1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. ಕಾಬೂಲನ್ನು ಉತ್ತರಕ್ಕೆ ಜೋಡಿಸುವ ಸಾಲಂಗ್ ಹೆದ್ದಾರಿಗೆ ಪಂಜ್‌ಶಿರ್ ಸಮೀಪದಲ್ಲಿತ್ತು. ಸೇನೆಗೆ ಸರಕು ಸಾಗಿಸುವ ವಾಹನಗಳ ಮೇಲೆ ಮಸೂದ್‌ನ ಪಡೆ ಎರಗುತ್ತಿತ್ತು. ಆದ್ದರಿಂದಲೇ ಕಣಿವೆಯ ಮೇಲೆ ಒಂಬತ್ತು ದೊಡ್ಡ ದಾಳಿಗಳು ನಡೆದವು. 1983ರಲ್ಲಿ ಅವನು ಶತ್ರುವಿನೊಡನೆ ಕದನವಿರಾಮ ಮಾಡಿಕೊಂಡಾಗ ಇತರ ಮುಜಾಹಿದೀನ್ ನಾಯಕರು ಟೀಕಿಸಿದರು. ಆ ಬಿಡುವಿನಲ್ಲಿ ಅವನು ಪಡೆಯನ್ನು ಬಲಪಡಿಸಿದ. 1984ರಲ್ಲಿ ಮುಂದಿನ ದಾಳಿ ಆರಂಭವಾಗುವ ಮೊದಲೇ ಕಣಿವೆಯ ಹಳ್ಳಿಗರನ್ನು ತೆರವುಗೊಳಿಸಿದ್ದ.

ಫ್ರೆಂಚ್ ಚಿತ್ರನಿರ್ಮಾಪಕ ಕ್ರಿಸ್ತೋಫ್ ದ ಪೋಂಫಿಯಿ 1981ರಲ್ಲೇ ಸಹೋದ್ಯೋಗಿಯೊಬ್ಬರೊಂದಿಗೆ ಗುಟ್ಟಾಗಿ ಕಣಿವೆ ತಲುಪಿದ್ದರು. ಸಾಮ್ರಾಜ್ಯವೊಂದನ್ನು ಎದುರಿಸಿದ ಕಣಿವೆಯ ಕಥೆಯಾಗಿ ಅವರ ಸಾಕ್ಷ್ಯಚಿತ್ರ ಫ್ರಾನ್ಸಿನ ವೀಕ್ಷಕರನ್ನು ಮುಟ್ಟಿತು.

1989ರಲ್ಲಿ ಸೋವಿಯತ್ ಸೇನೆ ಮರಳಿತು. 1992ರಲ್ಲಿ ಕಾಬೂಲ್ ಪ್ರವೇಶಿಸಿದ ಮಸೂದ್ ರಕ್ಷಣಾ ಸಚಿವನಾದ. ಕಣಿವೆಯಲ್ಲಿ ಗೆದ್ದವನಿಗೆ ರಾಜಧಾನಿಯಲ್ಲಿ ಶಾಂತಿ ನೆಲೆಗೊಳಿಸಲಾಗಲಿಲ್ಲ. ಹೆಕ್ಮತ್ಯಾರ್‌ನ ರಾಕೆಟ್‌ಗಳು ನಗರದ ಮೇಲೆ ಸುರಿದವು. ಬಣಗಳ ಕಾದಾಟದಲ್ಲಿ ಸಾವಿರಾರು ನಾಗರಿಕರು ಸತ್ತರು. 1993ರ ಫೆಬ್ರುವರಿಯಲ್ಲಿ ಹಜಾರಾ ಜನರ ಬಡಾವಣೆ ಅಫ್ಶಾರ್‌ನಲ್ಲಿ ನಡೆದ ಹತ್ಯೆಗಳ ಕಳಂಕ ಅವನ ಪಡೆಗೂ ಅಂಟಿತು. ಪಂಜ್‌ಶಿರ್‌ನ ಜನ ವೀರನೆಂದು ಪೂಜಿಸಿದವನನ್ನು ಅಫ್ಶಾರ್‌ನ ಸಂತ್ರಸ್ತರು ಹಾಗೆ ಕಾಣಲಿಲ್ಲ.

1996ರಲ್ಲಿ ತಾಲಿಬಾನ್‌ಗೆ ಕಾಬೂಲ್ ಬಿಟ್ಟುಕೊಟ್ಟು ಅವನು ಮತ್ತೆ ಕಣಿವೆ ಸೇರಿದ. ಪೋಂಫಿಯಿ ಪುನಃ ಅವನನ್ನು ಅರಸಿ ಹೋದರು. 1998ರಲ್ಲಿ ಬಂದ ಅವರ ‘ಮಸೂದ್, ಅಫ್ಘನ್’ ಚಿತ್ರದಲ್ಲಿ ಕಂಡದ್ದು ಜಗತ್ತು ಮರೆತಿದ್ದ ಯುದ್ಧ. 2001ರ ಏಪ್ರಿಲ್‌ನಲ್ಲಿ ಮಸೂದ್ ಯುರೋಪಿಯನ್ ಸಂಸತ್ತಿಗೆ ತೆರಳಿ, ಭಯೋತ್ಪಾದನೆಯ ಅಪಾಯ ಅಫ್ಘಾನಿಸ್ತಾನದ ಗಡಿಯೊಳಗೇ ಉಳಿಯದೆಂದು ಎಚ್ಚರಿಸಿದ.

ಅದೇ ಸೆಪ್ಟೆಂಬರ್ 9ರಂದು ತಖಾರ್ ಪ್ರಾಂತ್ಯದ ಖ್ವಾಜಾ ಬಹಾವುದ್ದೀನ್‌ನಲ್ಲಿ ಪತ್ರಕರ್ತರ ಸೋಗಿನಲ್ಲಿ ಬಂದ ಇಬ್ಬರು ಅರಬರಿಗೆ ಅವನು ಸಂದರ್ಶನ ನೀಡಲು ಕುಳಿತ. ಚಿತ್ರೀಕರಣದ ಸಲಕರಣೆಯಲ್ಲಿದ್ದ ಬಾಂಬ್ ಸಿಡಿಯಿತು. ಪಕ್ಕದಲ್ಲಿದ್ದ, ದೆಹಲಿಯಲ್ಲಿ ಅಫ್ಘನ್ ರಾಯಭಾರಿಯಾಗಿದ್ದ ಮಸೂದ್ ಖಲೀಲಿ ತೀವ್ರವಾಗಿ ಗಾಯಗೊಂಡು ಬದುಕುಳಿದರು. ಎರಡು ದಿನಗಳ ಬಳಿಕ ಅಮೆರಿಕದ ಮೇಲೆ ದಾಳಿ ನಡೆದಾಗ, ಮಸೂದ್‌ನ ಸಾವನ್ನು ಅವನ ಸಂಗಡಿಗರು ಇನ್ನೂ ಗುಟ್ಟಾಗಿಯೇ ಇಟ್ಟಿದ್ದರು.

ಪೋಂಫಿಯಿ 2006ರಲ್ಲಿ ತೀರಿಕೊಂಡರು. ಮಸೂದ್ ಮಣ್ಣಾದ ಪಂಜ್‌ಶಿರ್ 2021ರ ಸೆಪ್ಟೆಂಬರ್‌ನಲ್ಲಿ ತಾಲಿಬಾನ್ ವಶವಾಯಿತು. ಆಗ ಅಲ್ಲಿ ಪ್ರತಿರೋಧದ ಮುಂದಾಳಾಗಿದ್ದವನು ಅವನ ಮಗ ಅಹಮದ್ ಮಸೂದ್.