ತೋಳು ಸೋತ ಮೇಲೆ ಗುರುವಾದ ಸ್ಮೋಕಿ ಜೋ ವುಡ್

ನಮ್ಮವರಿಗೆ ಕ್ರಿಕೆಟ್ ಇದ್ದ ಹಾಗೆ ಅಮೆರಿಕದವರಿಗೆ ಬೇಸ್‌ಬಾಲ್. ಆ ಆಟದ ನಿಯಮಗಳನ್ನೆಲ್ಲ ವಿವರಿಸಹೊರಟರೆ ಈ ಪುಟ ಸಾಲದು. ಚೆಂಡನ್ನು ನೆಲಕ್ಕೆ ತಾಗಿಸದೆ ದಾಂಡಿಗನತ್ತ ನೇರವಾಗಿ ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಪಂದ್ಯದ ಭಾರ ಬಹುಮಟ್ಟಿಗೆ ಅವನ ತೋಳಿನ ಮೇಲೆಯೇ ಇರುತ್ತದೆ, ಗೆಲುವು ಸೋಲುಗಳ ಲೆಕ್ಕವನ್ನೂ ಅವನ ಹೆಸರಿಗೇ ಬರೆಯುತ್ತಾರೆ. ವಾಚಕರಿಗೆ ಇಷ್ಟು ತಿಳಿದಿದ್ದರೆ ಸಾಕು. ಅಂಥ ತೋಳು ಇಪ್ಪತ್ತಮೂರನೆಯ ವಯಸ್ಸಿನಲ್ಲೇ ಕೆಟ್ಟುಹೋದರೆ ಮನುಷ್ಯ ಏನು ಮಾಡಬೇಕು? ಜೋ ವುಡ್ ಏನು ಮಾಡಿದನೆಂಬುದನ್ನು ಇಂದು ಹೇಳಬಯಸುತ್ತೇವೆ.

ಈತನ ಪೂರ್ಣ ಹೆಸರು ಹೊವಾರ್ಡ್ ಎಲ್ಸ್‌ವರ್ತ್ ವುಡ್. ಹುಟ್ಟಿದ್ದು 1889ರ ಅಕ್ಟೋಬರ್ 25ರಂದು, ಮಿಸೌರಿ ಸಂಸ್ಥಾನದ ಕನ್ಸಾಸ್ ಸಿಟಿಯಲ್ಲಿ. ತಂದೆ ವಕೀಲರು, ಆದರೆ ಒಂದೆಡೆ ನಿಲ್ಲುವ ಜಾಯಮಾನದವರಲ್ಲ. ಚಿನ್ನದ ಆಸೆಯಿಂದ ಉತ್ತರದ ಕ್ಲಾಂಡೈಕ್‌ವರೆಗೂ ಹೋಗಿ ಬಂದವರು. ಕೊಲರಾಡೊದ ಗಣಿ ಊರಾದ ಯೂರೆಯಲ್ಲಿ ಕೆಲವು ಕಾಲ ಇದ್ದ ಸಂಸಾರ ಅನಂತರ ಕಮಾನುಗಾಡಿ ಕಟ್ಟಿಕೊಂಡು ಕನ್ಸಾಸ್ ಸಂಸ್ಥಾನದ ನೆಸ್ ಸಿಟಿ ಎಂಬ ಸಣ್ಣ ಊರಿಗೆ ಬಂದು ನೆಲೆಸಿತು.

ಹುಡುಗ ಹಣಕ್ಕಾಗಿ ಮೊದಲು ಆಡಿದ ಕಥೆ ಸ್ವಾರಸ್ಯವಾಗಿದೆ. 1906ರಲ್ಲಿ ಬ್ಲೂಮರ್ ಗರ್ಲ್ಸ್ ಎಂಬ ಸಂಚಾರಿ ಮಹಿಳಾ ತಂಡವೊಂದು ಆ ಊರಿಗೆ ಬಂದಿತು. ಹೆಸರಿಗೆ ಮಹಿಳೆಯರ ತಂಡವಾದರೂ ಅದರಲ್ಲಿ ಕೆಲವರು ವೇಷ ಹಾಕಿದ ಹುಡುಗರೇ. ಊರಿನ ತಂಡದಲ್ಲಿ ಆಡುತ್ತಿದ್ದ ವುಡ್‌ನ ಎಳೆಯ ಮುಖ ಅದರ ಯಜಮಾನನ ಕಣ್ಣಿಗೆ ಬಿತ್ತು. ತಿರುಗಾಟದ ಉಳಿದ ದಿನಗಳಿಗೆ ಇಪ್ಪತ್ತು ಡಾಲರು ಕೊಡುವುದೆಂದು ಮಾತಾಗಿ, ಹದಿನಾರರ ಹುಡುಗ ತಂಡದೊಡನೆ ಹೊರಟೇಬಿಟ್ಟ. ಮೇಳದ ತಿರುಗಾಟವನ್ನೂ ಸ್ತ್ರೀವೇಷವನ್ನೂ ಬಾಲ್ಯದಿಂದ ಕಂಡ ನಮ್ಮ ನಾಡಿನವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಾರದು. ಆದರೆ ಮುಂದೆ ಈತನ ಪರಿಚಿತರು ಇದನ್ನು ಕೇಳಿ ಬಹಳ ನಕ್ಕಿರಬೇಕು.

ಎರಡೇ ವರ್ಷಗಳಲ್ಲಿ, 1908ರಲ್ಲಿ, ಹದಿನೆಂಟರ ವುಡ್ ಬಾಸ್ಟನ್ ರೆಡ್ ಸಾಕ್ಸ್ ತಂಡ ಸೇರಿದ. ಚೆಂಡಿನ ವೇಗವನ್ನು ಕಂಡವರು ಅದಕ್ಕೆ ಹೊಗೆಯ ಹೋಲಿಕೆ ಕೊಟ್ಟು ಆತನನ್ನು ಸ್ಮೋಕಿ ಜೋ ಎಂದು ಕರೆದರು. 1912ರಲ್ಲಿ ಆ ಹೆಸರು ದೇಶದ ಮೂಲೆಮೂಲೆಗೂ ಮುಟ್ಟಿತು. ಆ ವರ್ಷ ಆತ ಗೆದ್ದ ಪಂದ್ಯಗಳು 34, ಸೋತವು ಐದೇ. ಎದುರಾಳಿಗೆ ಒಂದು ಓಟವನ್ನೂ ಕೊಡದೆ ಗೆದ್ದ ಪಂದ್ಯಗಳೇ ಹತ್ತು. ಆ ಕಾಲದ ಅತ್ಯಂತ ವೇಗದ ಪಿಚರ್ ಎನಿಸಿದ್ದ ವಾಷಿಂಗ್‌ಟನ್ ತಂಡದ ವಾಲ್ಟರ್ ಜಾನ್ಸನ್ ಅದೇ ವರ್ಷ ಸತತ 16 ಗೆಲುವುಗಳ ದಾಖಲೆ ಮಾಡಿದ್ದ. ವುಡ್ ಸತತ 13 ಗೆದ್ದಿದ್ದ. ಸಪ್ಟೆಂಬರ್ 6ರಂದು ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಇಬ್ಬರೂ ಎದುರುಬದುರಾದರು. ಜನ ಕಿಕ್ಕಿರಿದು ಮೈದಾನದೊಳಕ್ಕೇ ನುಗ್ಗಿ ನಿಂತಿದ್ದರು. ವುಡ್ ಗೆದ್ದದ್ದು 1-0ರಿಂದ. ಕೊನೆಗೆ ಆತನ ಸರಣಿಯೂ ಹದಿನಾರಕ್ಕೇ ನಿಂತು ಜಾನ್ಸನ್ನನಿಗೆ ಸರಿಸಮವಾಯಿತು. ಆ ಶರತ್ಕಾಲದಲ್ಲಿ ನ್ಯೂಯಾರ್ಕ್ ಜಯಂಟ್ಸ್ ವಿರುದ್ಧ ನಡೆದ ವರ್ಲ್ಡ್ ಸೀರೀಸ್‌ನಲ್ಲಿ ಬಾಸ್ಟನ್ ಗೆದ್ದ ನಾಲ್ಕು ಪಂದ್ಯಗಳಲ್ಲಿ ಮೂರು ವುಡ್‌ನ ಲೆಕ್ಕಕ್ಕೇ ಸೇರಿದವು.

ಮರು ವರ್ಷವೇ ವಿಧಿ ತಿರುಗಿತು. ಒದ್ದೆ ಹುಲ್ಲಿನ ಮೇಲೆ ಚೆಂಡು ಹಿಡಿಯಹೋಗಿ ಜಾರಿ ಬಿದ್ದು ಬಲಗೈಯ ಹೆಬ್ಬೆರಳು ಮುರಿಯಿತು. ಅದು ಪೂರ್ತಿ ವಾಸಿಯಾಗುವ ಮೊದಲೇ ಆತ ಎಸೆಯತೊಡಗಿದ. ನೋವು ಭುಜದಲ್ಲಿ ಬೇರೂರಿತು. ಹಾಗಿದ್ದೂ 1915ರಲ್ಲಿ 15 ಗೆದ್ದು, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 1.49 ಓಟ ಮಾತ್ರ ಬಿಟ್ಟುಕೊಟ್ಟು ತನ್ನ ಲೀಗಿನಲ್ಲಿಯೇ ಮೊದಲಿಗನಾದನೆಂಬುದು ಆಶ್ಚರ್ಯ. ಪ್ರತಿ ಪಂದ್ಯದ ಮೇಲೂ ದಿನಗಟ್ಟಲೆ ತೋಳೆತ್ತಲಾಗದ ಸ್ಥಿತಿ. 1916ರಲ್ಲಿ ಆತ ಆಡಲೇ ಇಲ್ಲ.

1917ರಲ್ಲಿ ಕ್ಲೀವ್‌ಲೆಂಡ್ ತಂಡ 15,000 ಡಾಲರು ಕೊಟ್ಟು ಈತನನ್ನು ಕೊಂಡಿತು. ಆಪ್ತ ಮಿತ್ರ ಟ್ರಿಸ್ ಸ್ಪೀಕರ್ ಆಗಲೇ ಅಲ್ಲಿದ್ದ. ಆದರೆ ಪಿಚರ್ ವುಡ್ ಮುಗಿದುಹೋಗಿದ್ದ. ಬೇರೆ ಯಾರಾದರೂ ಆಗಿದ್ದರೆ ಮನೆ ಹಾದಿ ಹಿಡಿಯುತ್ತಿದ್ದರು. ಈತ ದಾಂಡು ಹಿಡಿದು, ಹೊರಮೈದಾನದಲ್ಲಿ ನಿಂತು ಚೆಂಡು ಹಿಡಿಯುವುದನ್ನು ಅಆಇಈಯಿಂದ ಕಲಿತ. ಹತ್ತರಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಒಳ್ಳೆಯ ದಾಂಡಿಗನೆಂಬುದು ಆ ಆಟದ ಲೆಕ್ಕ. ವುಡ್ 1918ರಲ್ಲಿ ಆ ಮಟ್ಟದ ಹತ್ತಿರ ಬಂದ, 1921ರಲ್ಲಿ ಅದನ್ನು ಮೀರಿ .366 ಸರಾಸರಿಗೇರಿದ. 1920ರಲ್ಲಿ ಕ್ಲೀವ್‌ಲೆಂಡ್ ವರ್ಲ್ಡ್ ಸೀರೀಸ್ ಗೆದ್ದಾಗ ತಂಡದಲ್ಲಿದ್ದ. ನಮ್ಮ ಅಭಿಪ್ರಾಯದಲ್ಲಿ 1912ರ 34 ಗೆಲುವುಗಳಿಗಿಂತ ಇದು ದೊಡ್ಡದು. ಅದು ಹುಟ್ಟಿನಿಂದ ಬಂದ ತೋಳಿನ ಕೆಲಸ, ಇದು ಕಲಿತು ಸಂಪಾದಿಸಿದ್ದು.

1922ರಲ್ಲೂ ಚೆನ್ನಾಗಿಯೇ ಆಡಿದ. ಆದರೂ ಆ ಋತು ಮುಗಿಯುತ್ತಲೇ, ಮೂವತ್ತಮೂರರ ಪ್ರಾಯದಲ್ಲಿ, ವೃತ್ತಿಯಾಟ ಬಿಟ್ಟ. ಮಕ್ಕಳು ಬೆಳೆಯುತ್ತಿದ್ದರು. ವರ್ಷದಲ್ಲಿ ಅರ್ಧಕ್ಕರ್ಧ ದಿನ ರೈಲಿನಲ್ಲೂ ಹೋಟೆಲಿನಲ್ಲೂ ಕಳೆಯುವ ಬಾಳು ಸಾಕಾಗಿತ್ತು. ಅದೇ ಹೊತ್ತಿಗೆ ನ್ಯೂ ಹೇವನ್ ಪಟ್ಟಣದ ಯೇಲ್ ವಿಶ್ವವಿದ್ಯಾಲಯದಿಂದ ಕರೆ ಬಂತು. 1701ರಲ್ಲಿ ಸ್ಥಾಪನೆಯಾದ, ಮಂತ್ರಿಗಳನ್ನೂ ನ್ಯಾಯಾಧೀಶರನ್ನೂ ದೇಶಕ್ಕೆ ಕೊಟ್ಟ ವಿದ್ಯಾಸಂಸ್ಥೆಯದು. ಅಲ್ಲಿಗೆ ತರಬೇತುದಾರನಾಗಿ 1923ರಲ್ಲಿ ಹೋದವನು ಕಾಲೇಜಿನ ಮೆಟ್ಟಿಲನ್ನೇ ಹತ್ತದ ಆಟಗಾರ. ಇನ್ನು ಮುಂದೆ ಬಹುವಚನ ಬಳಸುತ್ತೇವೆ. ಕಲಿಸುವ ಕೆಲಸಕ್ಕೆ ನಿಂತವರನ್ನು ಏಕವಚನದಲ್ಲಿ ಕರೆದು ನಮಗೆ ರೂಢಿಯಿಲ್ಲ.

ಕಾಲೇಜು ತಂಡವೆಂದರೆ ಬೇರೆಯೇ ಲೋಕ. ಆ ಹುಡುಗರು ಸಂಬಳಕ್ಕೆ ಆಡುವವರಲ್ಲ. ಪರೀಕ್ಷೆ ಬಂದರೆ ಅಭ್ಯಾಸ ತಪ್ಪಿಸುತ್ತಾರೆ. ಆ ಪ್ರಾಂತದಲ್ಲಿ ಚಳಿಗಾಲವಿಡೀ ಹಿಮ. ಆದ್ದರಿಂದ ಮೊದಲ ತಿಂಗಳುಗಳ ಅಭ್ಯಾಸವೆಲ್ಲ ಮಾಡಿನ ಕೆಳಗೆ. ಹಿಮ ಕರಗಿ ಮೈದಾನ ಒಣಗುವ ಹೊತ್ತಿಗೆ ಪಂದ್ಯಗಳು ಎದುರಿಗೇ ನಿಂತಿರುತ್ತವೆ. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ನಿನ ವಿರುದ್ಧ ಸೋತರೆ ಹಳೆ ವಿದ್ಯಾರ್ಥಿಗಳ ಮುಖ ನೋಡುವಂತಿಲ್ಲ. ಒಬ್ಬ ಹುಡುಗ ಸರಿಯಾಗಿ ಪಳಗುವಷ್ಟರಲ್ಲಿ ಪದವಿ ಮುಗಿಸಿ ಹೊರಟುಹೋಗುತ್ತಾನೆ, ಮತ್ತೆ ಮೊದಲಿನಿಂದ ಶುರು. ಜೂನ್ ತಿಂಗಳಲ್ಲಿ ಹೊಸ ಮುಖಗಳ ಹಾಜರಿ ಕರೆಯುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪಾಡಿನಲ್ಲಿ ವುಡ್ ಅವರ ತಂಡಗಳು 283 ಪಂದ್ಯ ಗೆದ್ದು 228 ಸೋತವು, ಒಂದು ಸಮವಾಯಿತು. ತೋಳು ಗಟ್ಟಿಯಿದ್ದಾಗಲೂ ಕೆಟ್ಟಾಗಲೂ ಆಡಿದವರು, ಎಸೆಯುವುದನ್ನೂ ಹೊಡೆಯುವುದನ್ನೂ ಉನ್ನತ ಮಟ್ಟದಲ್ಲಿ ಬಲ್ಲವರು ಕಾಲೇಜು ಹುಡುಗರಿಗೆ ಸಿಗುವುದು ಅಪರೂಪ.

ಆದರೆ 1926ರಲ್ಲಿ ಈ ಕೆಲಸವೇ ಕೈಬಿಡುವ ಸಂದರ್ಭ ಬಂತು. ಡಚ್ ಲಿಯೊನಾರ್ಡ್ ಎಂಬ ಹಳೆಯ ಪಿಚರ್ ಎರಡು ಕಾಗದಗಳನ್ನು ಲೀಗಿನ ಅಧಿಕಾರಿಗಳಿಗೆ ಒಪ್ಪಿಸಿದ. ಒಂದು ಡೆಟ್ರಾಯಿಟ್ ತಂಡದ ಪ್ರಖ್ಯಾತ ಟೈ ಕಾಬ್ ಬರೆದದ್ದು, ಇನ್ನೊಂದು ವುಡ್ ಅವರದು. 1919ರ ಸಪ್ಟೆಂಬರ್ 25ರಂದು ಕ್ಲೀವ್‌ಲೆಂಡ್ ತಂಡ ಡೆಟ್ರಾಯಿಟ್‌ಗೆ ಬೇಕೆಂದೇ ಸೋತಿತು, ಅದರ ಮೇಲೆ ಕಾಬ್, ಸ್ಪೀಕರ್, ವುಡ್ ಪಣ ಕಟ್ಟುವ ಏರ್ಪಾಡು ನಡೆದಿತ್ತು ಎಂಬುದು ಲಿಯೊನಾರ್ಡನ ಆರೋಪ. ಡಿಸೆಂಬರಿನಲ್ಲಿ ವಿಷಯ ಪತ್ರಿಕೆಗಳಿಗೆ ಬಂದು ದೇಶವೆಲ್ಲ ಗುಲ್ಲಾಯಿತು. 1927ರ ಜನವರಿಯಲ್ಲಿ ಬೇಸ್‌ಬಾಲಿನ ಕಮಿಷನರ್ ಲ್ಯಾಂಡಿಸ್ ಅವರು ಕಾಬ್ ಮತ್ತು ಸ್ಪೀಕರ್ ಇಬ್ಬರನ್ನೂ ಆರೋಪದಿಂದ ಮುಕ್ತಗೊಳಿಸಿದರು. ವುಡ್ ವೃತ್ತಿಯಾಟ ಬಿಟ್ಟಿದ್ದರಿಂದ ಅವರ ಮೇಲೆ ಕಮಿಷನರಿಗೆ ಅಧಿಕಾರವಿರಲಿಲ್ಲ.

ಪಂದ್ಯವನ್ನು ಬೇಕೆಂದೇ ಸೋತರೆಂಬುದು ಸಾಬೀತಾಗಲಿಲ್ಲ. ಆದರೆ ಪಣದ ಹಣ ಹಂಚಿದ ಲೆಕ್ಕ ವುಡ್ ಅವರ ಕಾಗದದಲ್ಲಿ ಸ್ಪಷ್ಟವಾಗಿತ್ತು. ತಾನಿರುವ ತಂಡದ ಪಂದ್ಯದ ಮೇಲೆ ಪಣ ಕಟ್ಟುವುದು ತಪ್ಪು. ಅವರ ಮೇಲಿನ ಅಭಿಮಾನದಿಂದ ಅದನ್ನು ಮುಚ್ಚಿಡಲು ನಾವು ತಯಾರಿಲ್ಲ. ಕಾಬ್ ಮತ್ತು ಸ್ಪೀಕರ್ ಬೇರೆ ತಂಡಗಳಿಗೆ ಹೋಗಿ ಆಟ ಮುಂದುವರಿಸಿದರು. ಅವರಿಗೆ ಹೋಗಲು ಜಾಗವಿತ್ತು. ವುಡ್ ಅವರಿಗಿದ್ದದ್ದು ಯೇಲ್ ಒಂದೇ, ಮನೆ ತುಂಬ ಮಕ್ಕಳು. ಹುಡುಗರನ್ನು ತಿದ್ದುವವರ ಮೇಲೆ ಇಂಥ ಮಾತು ಬಂದರೆ ಎಷ್ಟೋ ಆಡಳಿತದವರು ಮರುದಿನವೇ ಕೆಲಸದಿಂದ ಬಿಡಿಸುತ್ತಾರೆ. ಯೇಲ್ ಹಾಗೆ ಮಾಡಲಿಲ್ಲ, ಅವರನ್ನು ಉಳಿಸಿಕೊಂಡಿತು. ಅನಂತರ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿಯೇ ದುಡಿದರು.

1941ರಲ್ಲಿ ಒಂದು ಅಪೂರ್ವ ಪಂದ್ಯ ನಡೆಯಿತು. ಹಿರಿಯ ಮಗ ಜೋ ಯೇಲ್‌ನ ಪಿಚರ್. ಎದುರಾಳಿ ಕೋಲ್ಗೇಟ್ ಕಾಲೇಜಿನ ಕಡೆಯಲ್ಲಿ ಇನ್ನಿಬ್ಬರು ಮಕ್ಕಳು, ಸ್ಟೀವ್ ಮತ್ತು ಬಾಬ್. ಅಣ್ಣನಿಗೆದುರಾಗಿ ಚೆಂಡೆಸೆದವನು ಸ್ಟೀವನೇ. ತಂದೆ ಯೇಲ್ ತಂಡದ ಗುರು. ಗೆದ್ದದ್ದು ಯೇಲ್. ತಾಯಿ ಲಾರಾ ಯಾರ ಪಕ್ಷ ವಹಿಸಿರಬಹುದೆಂದು ನಮಗೂ ಕುತೂಹಲವಿದೆ. ಮುಂದೆ 1944ರಲ್ಲಿ ಹಿರಿಯ ಮಗ ತಂದೆಯ ಹಳೆ ತಂಡ ಬಾಸ್ಟನ್ನಿಗೆ ಮೂರು ಪಂದ್ಯಗಳಲ್ಲಿ ಆಡಿದ.

1942ರಲ್ಲಿ, ಯುದ್ಧಕಾಲದಲ್ಲಿ, ಯೇಲ್‌ನ ಸೇವೆ ಕೊನೆಗೊಂಡಿತು. ಆದರೆ ಆ ಮೈದಾನದ ನಂಟು ಬಿಡಲಿಲ್ಲ. 1981ರ ಮೇ 21ರಂದು ಯೇಲ್‌ನ ಹುಡುಗ ರಾನ್ ಡಾರ್ಲಿಂಗ್, ಸೇಂಟ್ ಜಾನ್ಸ್ ಕಾಲೇಜಿನ ಫ್ರಾಂಕ್ ವಯೋಲಾನಿಗೆ ಎದುರಾಗಿ ಹನ್ನೊಂದು ಇನ್ನಿಂಗ್ಸ್ ಒಂದೂ ಸರಿಯಾದ ಹೊಡೆತಕ್ಕೆ ಎಡೆಗೊಡದೆ ಎಸೆದು, ಹನ್ನೆರಡನೆಯದರಲ್ಲಿ 0-1ರಿಂದ ಸೋತ. ಪ್ರೇಕ್ಷಕರ ನಡುವೆ ಕುಳಿತು ಅದನ್ನು ನೋಡಿದವರಲ್ಲಿ 91ರ ವುಡ್ ಕೂಡ ಇದ್ದರು. 1912ರಲ್ಲಿ ಜಾನ್ಸನ್ನನ ವಿರುದ್ಧ ಅದೇ ಅಂತರದಲ್ಲಿ ಗೆದ್ದವರು ಅವರು.

1985ರ ಜನವರಿಯಲ್ಲಿ ಯೇಲ್‌ನ ಅಧ್ಯಕ್ಷ ಬಾರ್ಟ್ ಜಿಯಾಮಟ್ಟಿ ಅವರು ವುಡ್ ಅವರ ಮನೆಗೇ ಹೋಗಿ ಗೌರವ ಡಾಕ್ಟರೇಟ್ ಪದವಿಯನ್ನು ಕೈಗಿತ್ತರು. ಅದೇ ವರ್ಷ ಜುಲೈ 27ರಂದು ವೆಸ್ಟ್ ಹೇವನ್ನಿನಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, ವುಡ್ ತೀರಿಕೊಂಡರು.