ಬೆಟ್ಟ ಕೊಂಡು ಜನರಿಗೆ ಕೊಟ್ಟ ಗವರ್ನರ್: ಪರ್ಸಿವಲ್ ಬ್ಯಾಕ್ಸ್ಟರ್

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡು ಮೇನ್ ಎಂಬ ರಾಜ್ಯವಿದೆ. ಅದರ ಉತ್ತರ ಭಾಗದಲ್ಲಿ ಊರುಗಳು ಬಹಳ ವಿರಳ. ಮೈಲುಗಟ್ಟಲೆ ಕಾಡು, ನಡುನಡುವೆ ಸರೋವರಗಳು, ಹಳ್ಳಗಳು. ಈ ಕಾಡಿನ ಮಧ್ಯೆ ಎದ್ದು ನಿಂತಿರುವ ಗ್ರಾನೈಟ್ ಕಲ್ಲಿನ ಬೆಟ್ಟದ ಹೆಸರು ಕಟಾಡಿನ್. ಅಲ್ಲಿನ ಮೂಲನಿವಾಸಿಗಳಾದ ಪೆನೊಬ್ಸ್ಕಾಟ್ ಜನರ ಭಾಷೆಯಲ್ಲಿ ಈ ಹೆಸರಿಗೆ ಅತಿ ದೊಡ್ಡ ಬೆಟ್ಟ ಎಂದರ್ಥ. ಎತ್ತರ 5,267 ಅಡಿ. ಹಿಮಾಲಯದ ಲೆಕ್ಕದಲ್ಲಿ ಇದೇನೂ ದೊಡ್ಡದಲ್ಲ. ಆದರೆ ಈ ಬೆಟ್ಟದ ಮೇಲಿರುವ ಒಂದು ದಾರಿಯ ಹೆಸರು ಕೇಳಿದರೆ ನುರಿತ ಚಾರಣಿಗರೂ ಒಂದು ಕ್ಷಣ ಯೋಚಿಸುತ್ತಾರೆ.

ಆ ದಾರಿಯ ಹೆಸರು ನೈಫ್ ಎಡ್ಜ್, ಅಂದರೆ ಚಾಕುವಿನ ಅಲಗು. ಪಮೋಲಾ ಎಂಬ ಶಿಖರದಿಂದ ಬೆಟ್ಟದ ತುತ್ತತುದಿಯವರೆಗೆ ಸುಮಾರು ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ಉದ್ದಕ್ಕೆ ಹರಡಿದ ಬಂಡೆಗಳ ಏಣು ಇದು. ಸಾವಿರಾರು ವರ್ಷಗಳ ಹಿಂದೆ ಹಿಮನದಿಗಳು ಬೆಟ್ಟವನ್ನು ಎರಡೂ ಬದಿಯಿಂದ ಕೊರೆದು ಕೊರೆದು, ನಡುವೆ ಉಳಿಸಿದ್ದು ಈ ತೆಳುವಾದ ಗೋಡೆಯನ್ನು ಮಾತ್ರ. ಕೆಲವು ಕಡೆ ಅಗಲ ಮೂರೇ ಅಡಿ. ಒಂದು ಬದಿಯಲ್ಲಿ ಸುಮಾರು 2,000 ಅಡಿ ಕೆಳಗೆ ಚಿಮ್ನಿ ಪಾಂಡ್ ಎಂಬ ಪುಟ್ಟ ಸರೋವರ ಕನ್ನಡಿಯ ಚೂರಿನಂತೆ ಕಾಣುತ್ತದೆ. ಮೇಲೆ ಮರವಿಲ್ಲ, ನೀರಿಲ್ಲ, ಮಳೆ ಬಂದರೆ ನಿಲ್ಲಲು ಮರೆಯಿಲ್ಲ. ಅನೇಕ ಕಡೆ ಕಾಲಿನ ಜೊತೆ ಕೈಯನ್ನೂ ಊರಿಯೇ ಸಾಗಬೇಕು. ನಡುವೆ ಇಳಿಯುವ ದಾರಿಯೂ ಇಲ್ಲ. ಹೊರಟ ಮೇಲೆ ಮುಂದಿನ ತುದಿ ಸೇರಬೇಕು, ಇಲ್ಲವೇ ಬಂದ ದಾರಿಯಲ್ಲೇ ಮರಳಬೇಕು.

1920ರಲ್ಲಿ ಈ ಏಣಿನ ಮೇಲೆ ಸಾಗಿದ ಒಂದು ತಂಡದಲ್ಲಿ 43 ವರ್ಷದ ಒಬ್ಬ ರಾಜಕಾರಣಿ ಇದ್ದರು. ಅವರೇ ಪರ್ಸಿವಲ್ ಪ್ರಾಕ್ಟರ್ ಬ್ಯಾಕ್ಸ್ಟರ್. ಇಂದು ಮೇನ್ ರಾಜ್ಯದಲ್ಲಿ ಮನೆಮಾತಾಗಿರುವ ಈ ಹೆಸರು ನಮ್ಮ ಕಡೆ ಅಷ್ಟಾಗಿ ಪರಿಚಿತವಲ್ಲ.

ಬ್ಯಾಕ್ಸ್ಟರ್ ಅವರು ಹುಟ್ಟಿದ್ದು 1876ರ ನವೆಂಬರ್ 22ರಂದು, ಪೋರ್ಟ್‌ಲ್ಯಾಂಡ್ ನಗರದಲ್ಲಿ. ತಂದೆ ಜೇಮ್ಸ್ ಫಿನ್ನಿ ಬ್ಯಾಕ್ಸ್ಟರ್ ಡಬ್ಬಿ ಆಹಾರದ ಉದ್ಯಮದಿಂದ ಶ್ರೀಮಂತರಾದವರು, ಆ ನಗರಕ್ಕೆ ಹಲವು ಬಾರಿ ಮೇಯರ್ ಆಗಿದ್ದವರು. ಬಾಲಕ ಪರ್ಸಿವಲ್ ಬಗ್ಗೆ ಅಲ್ಲಿನವರು ಹೇಳುವ ಒಂದು ಪ್ರಸಂಗವಿದೆ. ಐದು ಪೌಂಡಿಗಿಂತ ಹೆಚ್ಚು ತೂಗುವ ಮೀನು ಹಿಡಿದರೆ ಪೌಂಡಿಗೆ ಹತ್ತು ಡಾಲರ್ ಕೊಡುವುದಾಗಿ ತಂದೆ ಮಾತು ಕೊಟ್ಟಿದ್ದರಂತೆ. ಹುಡುಗ ಎಂಟು ಪೌಂಡಿನ ಮೀನನ್ನೇ ಹಿಡಿದ. ಬಂದ ಎಂಭತ್ತು ಡಾಲರನ್ನು ಮಿಠಾಯಿಗೂ ಆಟಿಕೆಗೂ ಖರ್ಚು ಮಾಡದೆ ಬ್ಯಾಂಕಿನಲ್ಲಿ ಇಟ್ಟ. ಮುಂದೆ ಈತ ದುಡ್ಡು ಖರ್ಚು ಮಾಡಿದ ರೀತಿಯನ್ನು ನೋಡಿದರೆ ಈ ಪ್ರಸಂಗ ನೆನಪಾಗದೆ ಇರದು.

ಬೌಡೊಯಿನ್ ಕಾಲೇಜಿನಲ್ಲಿ ಪದವಿ, ಹಾರ್ವರ್ಡ್‌ನಲ್ಲಿ ಕಾನೂನು ಶಿಕ್ಷಣ ಮುಗಿಸಿದ ಬ್ಯಾಕ್ಸ್ಟರ್ ಅವರು ವಕೀಲಿ ವೃತ್ತಿಗಿಂತ ರಾಜಕೀಯವನ್ನೇ ಹೆಚ್ಚು ಹಚ್ಚಿಕೊಂಡರು. ರಾಜ್ಯದ ಶಾಸನಸಭೆಗೆ ಆರಿಸಿ ಬಂದರು. ಆಗ ಉತ್ತರದ ಕಾಡು ಬಹುಪಾಲು ಕಾಗದದ ಕಂಪನಿಗಳ ಮತ್ತು ಮರದ ವ್ಯಾಪಾರಿಗಳ ಸ್ವತ್ತಾಗಿತ್ತು. ಕಟಾಡಿನ್ ಬೆಟ್ಟಕ್ಕೂ ಮಾಲೀಕರಿದ್ದರು. ರಾಜ್ಯದ ಅತಿ ಎತ್ತರದ ಶಿಖರ ರಾಜ್ಯದ ಜನರದಲ್ಲ ಎಂಬುದು ಬ್ಯಾಕ್ಸ್ಟರ್ ಅವರಿಗೆ ಸರಿ ಕಾಣಲಿಲ್ಲ. ಮೇನ್ ಪ್ರತ್ಯೇಕ ರಾಜ್ಯವಾಗಿ 1920ಕ್ಕೆ ನೂರು ವರ್ಷ ತುಂಬಿತ್ತು. ಆ ನೆನಪಿಗಾಗಿ ಸರ್ಕಾರವೇ ಬೆಟ್ಟವನ್ನು ಕೊಂಡು ಉದ್ಯಾನವನ್ನಾಗಿ ಮಾಡಬೇಕೆಂದು ಅವರು ವಾದಿಸಿದರು. ನೈಫ್ ಎಡ್ಜ್ ದಾಟಿ ಬಂದ ಮೇಲಂತೂ ಅವರ ಹಠ ಇನ್ನೂ ಗಟ್ಟಿಯಾಯಿತು.

1921ರ ಜನವರಿಯಲ್ಲಿ, ಅಧಿಕಾರ ವಹಿಸಿಕೊಂಡು ಒಂದು ತಿಂಗಳೂ ತುಂಬದ ಗವರ್ನರ್ ಪಾರ್ಕ್‌ಹರ್ಸ್ಟ್ ತೀರಿಕೊಂಡರು. ಸೆನೆಟ್ ಅಧ್ಯಕ್ಷರಾಗಿದ್ದ ಬ್ಯಾಕ್ಸ್ಟರ್ ಅವರು ನಿಯಮದಂತೆ ಗವರ್ನರ್ ಆದರು. ಇನ್ನೇನು, ಬೆಟ್ಟ ಜನರದಾಯಿತು ಎಂದು ಯಾರಾದರೂ ಅಂದುಕೊಂಡಾರು. ಹಾಗಾಗಲಿಲ್ಲ. ಶಾಸಕರು ಹಣ ಕೊಡಲು ಒಪ್ಪಲಿಲ್ಲ. ಕಾಡಿನಿಂದ ಉದ್ಯೋಗ, ಉದ್ಯೋಗದಿಂದ ಊರು ಎಂದು ನಂಬಿದ್ದ ಆ ರಾಜ್ಯದಲ್ಲಿ ಮರ ಕಡಿಯದೆ ಬಿಡುವ ಕಾಡಿಗಾಗಿ ಖಜಾನೆ ತೆರೆಯುವುದು ಹೆಚ್ಚಿನವರಿಗೆ ದುಂದಾಗಿ ಕಂಡಿತು. ಅವರನ್ನು ಪೂರ್ತಿ ತಪ್ಪು ಎನ್ನಲೂ ಆಗದು. ಕೂಲಿಯವನ ಮನೆಯ ಒಲೆ ಉರಿಯುತ್ತಿದ್ದುದು ಆ ಮರಗಳಿಂದಲೇ.

1925ರ ಜನವರಿಯವರೆಗೆ ಅವರು ಅಧಿಕಾರದಲ್ಲಿದ್ದರು. ಆ ಕಾಲದಲ್ಲಿ ಮೇನ್‌ನಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ದ್ವೇಷದ ಸಂಘಟನೆ ಬೆಳೆಯುತ್ತಿತ್ತು. ಅಲ್ಲಿ ಅದರ ಮುಖ್ಯ ಗುರಿ ಅಲ್ಪಸಂಖ್ಯಾತರಾಗಿದ್ದ ಕ್ಯಾಥೊಲಿಕರು ಮತ್ತು ಫ್ರೆಂಚ್ ಮಾತನಾಡುವ ವಲಸಿಗರು. ಎಷ್ಟೋ ರಾಜಕಾರಣಿಗಳು ಮತಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದಾಗ ಬ್ಯಾಕ್ಸ್ಟರ್ ಅವರು ಅದನ್ನು ಬಹಿರಂಗವಾಗಿ ಖಂಡಿಸಿದರು. ಇನ್ನೊಂದು ಘಟನೆಗೆ ಅವರು ಸಾಕಷ್ಟು ಟೀಕೆಯನ್ನೂ ಕೇಳಬೇಕಾಯಿತು. 1923ರಲ್ಲಿ ಅವರ ಪ್ರೀತಿಯ ನಾಯಿ ಗ್ಯಾರಿ ಸತ್ತಾಗ ರಾಜ್ಯದ ಶಾಸನಭವನದ ಧ್ವಜವನ್ನು ಅರ್ಧಕ್ಕೆ ಇಳಿಸಲು ಆದೇಶಿಸಿದರು. ಯುದ್ಧದಲ್ಲಿ ಹೋರಾಡಿ ಬಂದ ಮಾಜಿ ಸೈನಿಕರು ಸಿಟ್ಟಾದರು. ಇದು ಅವರ ದುಡುಕೇ ಎಂದು ನನ್ನ ಅನಿಸಿಕೆ. ದೊಡ್ಡವರ ಜೀವನ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುವ ರೂಢಿಯಿದೆ, ಆದರೆ ಬಿಟ್ಟರೆ ಮನುಷ್ಯ ಪೂರ್ತಿ ಕಾಣುವುದಿಲ್ಲ.

ಅಧಿಕಾರದಿಂದ ಇಳಿದ ಮೇಲೆ ಅವರ ನಿಜವಾದ ಕೆಲಸ ಶುರುವಾಯಿತು. ಸರ್ಕಾರ ಕೊಳ್ಳದಿದ್ದರೆ ತಾನೇ ಕೊಳ್ಳುತ್ತೇನೆ ಎಂದು ನಿಶ್ಚಯಿಸಿದರು. ಬೆಟ್ಟದ ಬಹುಭಾಗ ಗ್ರೇಟ್ ನಾರ್ದರ್ನ್ ಪೇಪರ್ ಕಂಪನಿಯ ಕೈಯಲ್ಲಿತ್ತು. ವರ್ಷಗಟ್ಟಲೆ ಮಾತುಕತೆ ನಡೆದು, 1930ರಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ಮುಳುಗುತ್ತಿದ್ದಾಗ ವ್ಯವಹಾರ ಕುದುರಿತು. 25,000 ಡಾಲರಿಗೆ 5,960 ಎಕರೆ. ಮರುವರ್ಷವೇ ಅದನ್ನು ರಾಜ್ಯಕ್ಕೆ ದಾನ ಮಾಡಿದರು. ತುತ್ತತುದಿಗೆ ಬ್ಯಾಕ್ಸ್ಟರ್ ಶಿಖರ ಎಂದು ಹೆಸರಾಯಿತು.

ಇಲ್ಲಿಗೆ ಮುಗಿಸಿದ್ದರೂ ಅವರು ದಾನಿ ಎನಿಸಿಕೊಳ್ಳುತ್ತಿದ್ದರು. ಆದರೆ ಅವರು ಸುತ್ತಲಿನ ಕಾಡನ್ನೂ ಒಂದೊಂದು ತುಂಡಾಗಿ ಕೊಳ್ಳುತ್ತಾ ಹೋದರು. ಕಂಪನಿಗಳೊಂದಿಗೆ, ವ್ಯಾಪಾರಿಗಳೊಂದಿಗೆ, ಪಾಲುದಾರರೊಂದಿಗೆ ಚೌಕಾಸಿ ಮಾಡಿದರು. ಕೊನೆಯ ತುಂಡು ಸೇರಿದ್ದು 1962ರಲ್ಲಿ. ಆಗ ಅವರಿಗೆ 85 ವರ್ಷ. 32 ವರ್ಷಗಳಲ್ಲಿ 28 ಖರೀದಿ, ಒಟ್ಟು 2 ಲಕ್ಷ ಎಕರೆಗೂ ಹೆಚ್ಚು. ಮದುವೆಯಾಗದ ಅವರು ತಂದೆಯಿಂದ ಬಂದ ಸಂಪತ್ತನ್ನು ಇದಕ್ಕೇ ಸುರಿದರು. ಪೋರ್ಟ್‌ಲ್ಯಾಂಡ್ ಬಳಿಯ ಮ್ಯಾಕ್‌ವರ್ತ್ ದ್ವೀಪವನ್ನು 1943ರಲ್ಲಿ ರಾಜ್ಯಕ್ಕೆ ಕೊಟ್ಟರು. ಮುಂದೆ ಅಲ್ಲಿ ಕಿವುಡ ಮಕ್ಕಳ ಶಾಲೆ ತೆರೆಯಿತು.

ನಮ್ಮಂಥ ಸಂಸ್ಥೆಗಳಲ್ಲಿ ಇರುವವರು ಗಮನಿಸಬೇಕಾದದ್ದು ಅವರು ಬರೆಸಿದ ದಾನಪತ್ರಗಳನ್ನು. ಕೊಟ್ಟು ಕೈ ತೊಳೆದುಕೊಂಡವರಲ್ಲ ಬ್ಯಾಕ್ಸ್ಟರ್. ಈ ನೆಲ ಎಂದೆಂದಿಗೂ ಕಾಡಾಗಿಯೇ, ಪ್ರಾಣಿಪಕ್ಷಿಗಳ ಆಶ್ರಯವಾಗಿಯೇ ಉಳಿಯಬೇಕು. ಮೋಟಾರು ರಸ್ತೆಗಾಗಿ ಬೆಟ್ಟ ಅಗೆಯಕೂಡದು. ಸರ್ಕಾರ ಇದರ ಒಡೆಯನಲ್ಲ, ಟ್ರಸ್ಟಿ ಮಾತ್ರ ಎಂಬುದು ಅವುಗಳ ತಿರುಳು. ಶಾಸನಸಭೆಯಲ್ಲಿ ಕುಳಿತು ಬಂದವರಾದ್ದರಿಂದ ಒಂದು ಸರ್ಕಾರ ಮಾಡಿದ್ದನ್ನು ಇನ್ನೊಂದು ಸರ್ಕಾರ ಅಳಿಸುವುದನ್ನು ಅವರು ಕಂಡಿದ್ದರು. 1937ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಮಸೂದೆ ಬಂದಾಗ ಅವರು ಬಲವಾಗಿ ವಿರೋಧಿಸಿದರು. ಹೋಟೆಲು, ರಸ್ತೆ, ಜನಜಂಗುಳಿ ಬಂದೀತೆಂಬ ಭಯ ಅವರದು. ಮಸೂದೆ ಬಿದ್ದುಹೋಯಿತು. ಆದರೆ ಸ್ಥಳೀಯರ ಮಾತಿಗೂ ಅವರು ಕಿವಿಗೊಟ್ಟರು. ಕೆಲವು ಭಾಗಗಳಲ್ಲಿ ಬೇಟೆಗೆ ಅವಕಾಶ ಉಳಿಸಿದರು. 1955ರಲ್ಲಿ ಕೊಟ್ಟ ಒಂದು ಭಾಗದಲ್ಲಿ ವೈಜ್ಞಾನಿಕವಾಗಿ ಮರ ಬೆಳೆಸಿ ಕಡಿಯಲು ಒಪ್ಪಿದರು. ನಿರ್ವಹಣೆಗೆ ಹಣ ಬೇಡಲು ಸರ್ಕಾರದ ಬಾಗಿಲಿಗೆ ಹೋಗಬಾರದೆಂದು ಲಕ್ಷಾಂತರ ಡಾಲರಿನ ನಿಧಿಯನ್ನೂ ಬಿಟ್ಟುಹೋದರು.

ಇಷ್ಟೆಲ್ಲ ಮಾಡಿ ಉಳಿಸಿದ ಬೆಟ್ಟ ಸಾಧುವಾಗಲಿಲ್ಲ. 1963ರ ಅಕ್ಟೋಬರ್ ಕೊನೆಯಲ್ಲಿ ಒಬ್ಬ ಮಹಿಳೆ ನೈಫ್ ಎಡ್ಜ್ ದಾರಿ ಬಿಟ್ಟು ಹತ್ತಿರದ ದಾರಿಯೆಂದು ಕಡಿದಾದ ಬದಿಯಲ್ಲಿ ಇಳಿಯಲು ಹೋಗಿ ಬಂಡೆಯಲ್ಲಿ ಸಿಕ್ಕಿಕೊಂಡರು. ಚಿಮ್ನಿ ಪಾಂಡ್‌ನಲ್ಲಿದ್ದ ರೇಂಜರ್ ರಾಲ್ಫ್ ಹೀತ್ ಅವರನ್ನು ಉಳಿಸಲು ಹತ್ತಿದರು. ಹಿಮಗಾಳಿ ಎದ್ದಿತು. ಇಬ್ಬರೂ ಮರಳಲಿಲ್ಲ. ಹಿಮ ಕರಗಿದ ಮೇಲೆ, ಮುಂದಿನ ವರ್ಷವೇ ಶವಗಳನ್ನು ಕೆಳಗೆ ತರಲು ಸಾಧ್ಯವಾದದ್ದು. ಆ ಏಣಿಗೆ ಕಂಬಿ, ಮೆಟ್ಟಿಲು ಹಾಕಿಸಿ ಸುಲಭ ಮಾಡಬಾರದೇ ಎಂದು ನಾವು ಕೇಳಬಹುದು. ಬ್ಯಾಕ್ಸ್ಟರ್ ಅವರ ದಾನದ ಆಶಯ ಅದಕ್ಕೆ ಒಪ್ಪುವುದಿಲ್ಲ. ಬೆಟ್ಟ ಇದ್ದಂತೆಯೇ ಇರಬೇಕು, ಏರುವವನು ಸಿದ್ಧನಾಗಿ ಬರಬೇಕು. ಈ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಹೀತ್ ಅವರ ಮನೆಯವರನ್ನು ನೆನೆದಾಗ ಅಷ್ಟು ಸಲೀಸಾಗಿ ಒಪ್ಪಲು ಆಗುವುದಿಲ್ಲ.

ಬ್ಯಾಕ್ಸ್ಟರ್ ಅವರು 1969ರ ಜೂನ್ 12ರಂದು, 92ನೇ ವಯಸ್ಸಿನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಆ ಕಾಡಿನಲ್ಲೇ ಚೆಲ್ಲಲಾಯಿತು. ದಕ್ಷಿಣದ ಜಾರ್ಜಿಯಾದಿಂದ ಸುಮಾರು 2,200 ಮೈಲಿ ಸಾಗಿ ಬರುವ ಅಪಲೇಷಿಯನ್ ಚಾರಣ ದಾರಿ ಇಂದು ಅವರ ಹೆಸರಿನ ಶಿಖರದಲ್ಲೇ ಮುಗಿಯುತ್ತದೆ. ಉದ್ಯಾನದ ಬಾಗಿಲಲ್ಲಿ ವಾಹನಗಳ ಸಂಖ್ಯೆಗೆ ಮಿತಿಯಿದೆ. ಒಳಗೆ ಡಾಂಬರು ರಸ್ತೆಯಿಲ್ಲ, ತಂಗುದಾಣಗಳಲ್ಲಿ ವಿದ್ಯುತ್ ಇಲ್ಲ. ಕಾಡುಪ್ರಾಣಿಗಳಿಗೆ ತೊಂದರೆಯಾಗದಿರಲೆಂದು ಸಾಕುನಾಯಿಗಳಿಗೂ ಪ್ರವೇಶವಿಲ್ಲ. ಗ್ಯಾರಿಗಾಗಿ ಧ್ವಜ ಇಳಿಸಿದ ಮನುಷ್ಯ ಕೊಟ್ಟ ನೆಲ ಅದು. ಗಾಳಿ ಜೋರಾಗಿರುವ ದಿನಗಳಲ್ಲಿ ನೈಫ್ ಎಡ್ಜ್ ದಾರಿಯನ್ನು ಮುಚ್ಚುತ್ತಾರೆ. ದೂರದಿಂದ ಬಂದವರು ಅಂದು ಚಿಮ್ನಿ ಪಾಂಡ್ ದಡದಲ್ಲಿ ಕುಳಿತು ಮೇಲಿನ ಏಣನ್ನು ನೋಡಿ ಹಿಂತಿರುಗುತ್ತಾರೆ.