ಎಲ್ಸ್‌ಪೆತ್ ಹಕ್ಸ್ಲಿ: ಕಿಕುಯು ಅಂಗಳದಿಂದ ವಸಾಹತನ್ನು ನೋಡಿದ ಕಾದಂಬರಿಕಾರ್ತಿ

ಕೀನ್ಯಾದ ರಾಜಧಾನಿ ನೈರೋಬಿಯ ಉತ್ತರಕ್ಕೆ, ಥಿಕಾ ರಸ್ತೆಗೆ ಹೊಂದಿಕೊಂಡಂತೆ ಮುಥೈಗಾ ಎಂಬ ಬಡಾವಣೆಯಿದೆ. ಕಿಕುಯು ನುಡಿಯಲ್ಲಿ ಈ ಪದಕ್ಕೆ ಮದ್ದು ಎಂಬ ಅರ್ಥವಿದೆ. ಇಂದು ಅಲ್ಲಿ ರಾಯಭಾರಿಗಳ ನಿವಾಸಗಳೂ ಸಿರಿವಂತರ ಬಂಗಲೆಗಳೂ ಇವೆ. ಬ್ರಿಟಿಷರ ಕಾಲದಲ್ಲಿ ಈ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುತ್ತಿದ್ದುದು 1913ರ ಡಿಸೆಂಬರ್ 31ರಂದು ಬಾಗಿಲು ತೆರೆದ ಮುಥೈಗಾ ಕ್ಲಬ್. ಅದು ಬಿಳಿಯ ಜಮೀನುದಾರರು ಮತ್ತು ಅಧಿಕಾರಿಗಳ ಕೂಟಸ್ಥಳವಾಗಿತ್ತು. ಕಪ್ಪು ಜನರು ಅದರ ಒಳಗೆ ಕಾಲಿಟ್ಟದ್ದು ಸೇವಕರಾಗಿ ಮಾತ್ರ. ಭಾರತೀಯರಿಗೆ ಅದು ಬಹುಕಾಲ ಮುಚ್ಚಿದ ಬಾಗಿಲು.

ಕ್ಲಬ್ಬು ತೆರೆದ ಅದೇ ತಿಂಗಳಲ್ಲಿ ಆರು ವರ್ಷದ ಆಂಗ್ಲ ಬಾಲಕಿಯೊಬ್ಬಳು ಕೀನ್ಯಾಕ್ಕೆ ಬಂದಳು. ಮುಂದೆ ಎಲ್ಸ್‌ಪೆತ್ ಹಕ್ಸ್ಲಿ ಎಂಬ ಹೆಸರಿನಿಂದ ಪ್ರಸಿದ್ಧಳಾದವಳು ಅವಳೇ. ಆ ಕ್ಲಬ್ಬಿನ ವರ್ಗಕ್ಕೇ ಸೇರಿದ್ದ ಆಕೆ, ವಸಾಹತು ಆಳ್ವಿಕೆಯು ಆಳಲ್ಪಟ್ಟವರ ಕಣ್ಣಿಗೆ ಹೇಗೆ ಕಂಡಿರಬಹುದು ಎಂಬುದನ್ನು ಚಿತ್ರಿಸುವ ಐತಿಹಾಸಿಕ ಕಾದಂಬರಿಯೊಂದನ್ನು ಬರೆದರು. ಆ ಕೃತಿಯ ಸಾಧನೆ ಮತ್ತು ಮಿತಿ ಎರಡೂ ಅವರ ಬದುಕಿನಿಂದಲೇ ಹುಟ್ಟಿದವು.

ಎಲ್ಸ್‌ಪೆತ್ 1907ರ ಜುಲೈ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಜಾಸ್ಲಿನ್ ಗ್ರಾಂಟ್, ತಾಯಿ ನೆಲ್ಲಿ. ಗ್ರಾಂಟ್ ದಂಪತಿಗಳು 1912ರಲ್ಲಿ ಬ್ರಿಟಿಷ್ ಪೂರ್ವ ಆಫ್ರಿಕಕ್ಕೆ ಬಂದು, ನೈರೋಬಿಯಿಂದ ಸುಮಾರು 40 ಕಿಲೋಮೀಟರ್ ದೂರದ ಥಿಕಾದಲ್ಲಿ ಭೂಮಿ ಪಡೆದು ಕಾಫಿ ತೋಟ ಮಾಡಲು ಹೊರಟರು. ಕೊಡಗು, ಚಿಕ್ಕಮಗಳೂರುಗಳಲ್ಲಿ ಯುರೋಪಿಯನ್ನರು ಹೂಡಿದ ಕಾಫಿ ತೋಟಗಳ ಕಥೆ ಬಲ್ಲ ಕನ್ನಡಿಗರಿಗೆ ಆ ಪ್ರಯತ್ನ ಪರಿಚಿತವೇ: ಅಗ್ಗದ ಭೂಮಿ, ಅಗ್ಗದ ಕೂಲಿ, ದೂರದ ಮಾರುಕಟ್ಟೆಯ ಮೇಲೆ ನಂಬಿಕೆ. ಗ್ರಾಂಟರ ಕೈಯಲ್ಲಿ ಹಣವೂ ಇರಲಿಲ್ಲ, ಅನುಭವವೂ ಇರಲಿಲ್ಲ. ಮೊದಲ ಮಹಾಯುದ್ಧ ತೋಟದ ಬದುಕನ್ನು ಕಲಕಿತು. ಯುದ್ಧಾನಂತರ ಆ ಕುಟುಂಬವು ಥಿಕಾವನ್ನು ಬಿಟ್ಟು ರಿಫ್ಟ್ ಕಣಿವೆಯ ಎತ್ತರದ ಪ್ರದೇಶವಾದ ಎನ್ಜೋರೊದಲ್ಲಿ ನೆಲೆಸಿತು.

ಎಲ್ಸ್‌ಪೆತ್ 1925ರಲ್ಲಿ ಕೀನ್ಯಾದಿಂದ ಹೊರಟು ಇಂಗ್ಲೆಂಡಿನ ರೆಡಿಂಗ್‌ನಲ್ಲಿಯೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿಯೂ ಕೃಷಿಶಾಸ್ತ್ರ ಓದಿದರು. 1931ರಲ್ಲಿ ಜರ್ವಾಸ್ ಹಕ್ಸ್ಲಿಯನ್ನು ವಿವಾಹವಾದರು. ಲೇಖಕ ಆಲ್ಡಸ್ ಹಕ್ಸ್ಲಿ ಮತ್ತು ಜೀವಶಾಸ್ತ್ರಜ್ಞ ಜೂಲಿಯನ್ ಹಕ್ಸ್ಲಿ ಅವರಿಗೆ ಈತ ಸೋದರಬಂಧು. ಅವರ ಮೊದಲ ಮುಖ್ಯ ಗ್ರಂಥ 1935ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಲಾರ್ಡ್ ಡೆಲಮಿಯರ್ ಜೀವನಚರಿತ್ರೆ. ಡೆಲಮಿಯರ್ ಕೀನ್ಯಾದ ಬಿಳಿಯ ನೆಲಸಿಗರ ನಾಯಕ. ಆ ಗ್ರಂಥಕ್ಕೆ ಇಟ್ಟ ಹೆಸರೇ ಅದು ಬಿಳಿಯರ ನಾಡೆಂದು ಸಾರುವಂತಿತ್ತು. ಕೀನ್ಯಾವನ್ನು ಕಟ್ಟಿದವರು ನೆಲಸಿಗರೇ ಎಂಬ ನೋಟ ಅದರಲ್ಲಿ ಪ್ರಧಾನವಾಗಿದೆ.

ಇದಾದ ನಾಲ್ಕೇ ವರ್ಷಗಳಲ್ಲಿ, 1939ರಲ್ಲಿ, ಅದೇ ಲೇಖನಿಯಿಂದ ‘ರೆಡ್ ಸ್ಟ್ರೇಂಜರ್ಸ್’ ಎಂಬ ಕಾದಂಬರಿ ಹೊರಬಂದಿತು. ಈ ನಡುವೆ ಎಲ್ಸ್‌ಪೆತ್ ಲಂಡನ್ನಿನಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿಯವರ ತರಗತಿಗಳಿಗೆ ಹೋಗಿದ್ದರು. ಮುಂದೆ ಸ್ವತಂತ್ರ ಕೀನ್ಯಾದ ಮೊದಲ ಅಧ್ಯಕ್ಷರಾದ ಜೋಮೊ ಕೆನ್ಯಾಟಾ ಕೂಡ ಮಲಿನೋವ್ಸ್ಕಿಯವರ ಶಿಷ್ಯರೇ; ತಮ್ಮ ಕಿಕುಯು ಜನಾಂಗದ ಬಗ್ಗೆ ಅವರು ಬರೆದ ‘ಫೇಸಿಂಗ್ ಮೌಂಟ್ ಕೀನ್ಯಾ’ 1938ರಲ್ಲಿ ಪ್ರಕಟವಾಯಿತು. ಎಲ್ಸ್‌ಪೆತ್ ಕಿಕುಯು ನಾಡಿಗೆ ಹೋಗಿ ಹಿರಿಯರ ಬಾಯಿಂದ ಹಳೆಯ ನಡೆನುಡಿಗಳನ್ನು ಕೇಳಿ ತಿಳಿದರು. ಬಿಳಿಯರು ಬರುವುದಕ್ಕೆ ಮುಂಚಿನ ಬದುಕನ್ನು ಕಂಡವರು ಮರೆಯಾಗುವ ಮೊದಲೇ ಅದನ್ನು ಬರಹದಲ್ಲಿ ಹಿಡಿಯಬೇಕೆಂಬುದು ಅವರ ಉದ್ದೇಶವಾಗಿತ್ತು.

ಮುಥೆಂಗಿ ಮತ್ತು ಮಾಟು ಎಂಬ ಅಣ್ಣತಮ್ಮಂದಿರು ಹಾಗೂ ಅವರ ಸಂತತಿ ಈ ಕಾದಂಬರಿಯ ಕೇಂದ್ರ. ಗಣನೀಯ ಭಾಗ ಮುಗಿದ ಮೇಲೆಯೇ ಇದರಲ್ಲಿ ಯುರೋಪಿಯನ್ನರ ಪ್ರವೇಶವಾಗುತ್ತದೆ. ಅಲ್ಲಿಯವರೆಗೆ ಓದುಗನು ಆಡುಗಳ ಲೆಕ್ಕ, ಹೊಲದ ಹಂಚಿಕೆ, ದೀಕ್ಷೆ, ಮದುವೆ, ಮದ್ದು ಮಾಟಗಳ ಲೋಕದಲ್ಲಿ ಬೆರೆತುಹೋಗಿರುತ್ತಾನೆ. ಆದುದರಿಂದ ಬಿಸಿಲಿಗೆ ಕೆಂಪಾದ ಮೈಯವರು ಬಂದಾಗ ಅವನಿಗೂ ಅವರು ವಿಚಿತ್ರ ಅಪರಿಚಿತರಾಗಿಯೇ ಕಾಣುತ್ತಾರೆ. ಕಾದಂಬರಿಯ ಹೆಸರಿನ ಅರ್ಥವೂ ಕೆಂಪು ಅಪರಿಚಿತರು ಎಂದೇ. ತೆರಿಗೆ, ನಾಣ್ಯ, ನ್ಯಾಯಾಲಯ, ಶಾಲೆ, ಇವೆಲ್ಲವೂ ಅರ್ಥವಾಗದ ವಿಧಿಗಳಂತೆ ಒಂದೊಂದಾಗಿ ಬರುತ್ತವೆ.

ಈ ಅಪರಿಚಿತತೆಗೆ ಚರಿತ್ರೆಯ ಆಧಾರವಿದೆ. ಕಿಕುಯು ಸಂಪ್ರದಾಯದಲ್ಲಿ ಒಬ್ಬ ಗಂಡಸಿನ ಕೊಲೆಯಾದರೆ ಕೊಂದವನ ಬಂಧುಗಳು ಸತ್ತವನ ಬಂಧುಗಳಿಗೆ 100 ಆಡುಕುರಿಗಳನ್ನು ತೆರಬೇಕಿತ್ತು. ಕಳೆದುಹೋದುದನ್ನು ತುಂಬಿಕೊಡುವುದೇ ಅಲ್ಲಿ ನ್ಯಾಯ. ಬ್ರಿಟಿಷರ ನ್ಯಾಯವಾದರೋ ಅಪರಾಧಿಯನ್ನು ಗಲ್ಲಿಗೇರಿಸುತ್ತಿತ್ತು ಅಥವಾ ಸೆರೆಯಲ್ಲಿಡುತ್ತಿತ್ತು. ನೊಂದ ಮನೆಗೆ ಅದರಿಂದ ಒಂದು ಆಡೂ ಬರುತ್ತಿರಲಿಲ್ಲ. ಗುಡಿಸಲು ತೆರಿಗೆಯದೂ ಇಂಥದೇ ಕಥೆ. ಹಣ ಬೇಕೆಂದರೆ ಕೂಲಿಗೆ ಹೋಗಲೇಬೇಕು. ಬಿಳಿಯರ ತೋಟಗಳಿಗೆ ಬೇಕಾಗಿದ್ದುದೂ ಅದೇ. 1920ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಪುಸ್ತಕದ ಪ್ರಕಟಣೆ ಸುಗಮವಾಗಿರಲಿಲ್ಲ. ಕಿಕುಯು ಹುಡುಗಿಯರ ದೀಕ್ಷಾವಿಧಿಯ ವರ್ಣನೆಯನ್ನು ತೆಗೆಯಬೇಕೆಂದು ಪ್ರಕಾಶಕ ಹೆರಾಲ್ಡ್ ಮ್ಯಾಕ್ಮಿಲನ್ ಪಟ್ಟುಹಿಡಿದರು. ಎಲ್ಸ್‌ಪೆತ್ ಒಪ್ಪದೆ ಹಸ್ತಪ್ರತಿಯನ್ನು ಬೇರೊಂದು ಪ್ರಕಾಶನಕ್ಕೆ ಒಪ್ಪಿಸಿದರು. ಇದೇ ಮ್ಯಾಕ್ಮಿಲನ್ ಮುಂದೆ ಬ್ರಿಟನ್ನಿನ ಪ್ರಧಾನಿಯಾಗಿ, 1960ರಲ್ಲಿ ಕೇಪ್‌ಟೌನಿನಲ್ಲಿ ನಿಂತು ಆಫ್ರಿಕದಲ್ಲಿ ಬದಲಾವಣೆಯ ಗಾಳಿ ಬೀಸುತ್ತಿದೆಯೆಂದು ಸಾರಿದವರು.

ಆದರೆ ಕಾದಂಬರಿಯಲ್ಲಿ ಕಿಕುಯು ಅಂಗಳದೊಳಗೆ ನಿಂತು ನೋಡಬಲ್ಲ ಲೇಖಕಿ ರಾಜಕಾರಣದಲ್ಲಿ ಬಹುಕಾಲ ನೆಲಸಿಗರ ಪಾಳೆಯದಲ್ಲಿಯೇ ಉಳಿದರು. 1944ರಲ್ಲಿ ಪ್ರಕಟವಾದ ಪತ್ರಸಂವಾದದಲ್ಲಿ ವಿದ್ವಾಂಸೆ ಮಾರ್ಜರಿ ಪೆರಮ್ ಅವರ ಟೀಕೆಗಳೆದುರು ನೆಲಸಿಗರ ಪರವಾಗಿ ವಾದಿಸಿದರು. 1952ರಲ್ಲಿ ಮೌ ಮೌ ಹೋರಾಟದಿಂದಾಗಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಎರಡು ವರ್ಷಗಳ ಅನಂತರ ಆ ಹೋರಾಟವನ್ನು ಕುರಿತು ಅವರು ಬರೆದ ಕಾದಂಬರಿಯಲ್ಲಿ ಬಂಡಾಯಗಾರರ ಬಗ್ಗೆ ಹಗೆಯೇ ಹೆಚ್ಚು. ಭೂಮಿ ಕಳೆದುಕೊಂಡವರ ಅಚ್ಚರಿಯನ್ನು ಅರಿತವರಿಗೆ ಅವರ ಸಿಟ್ಟನ್ನು ಅಷ್ಟೇ ಸಹಾನುಭೂತಿಯಿಂದ ಅರಿಯಲಾಗಲಿಲ್ಲ. ದಶಕದ ಕೊನೆಗೆ ಅವರ ನಿಲುವು ಬದಲಾಯಿತು. ರೊಡೇಷಿಯ-ನ್ಯಾಸಾಲ್ಯಾಂಡ್ ಒಕ್ಕೂಟದ ಭವಿಷ್ಯವನ್ನು ಪರಿಶೀಲಿಸಿದ ಮಾಂಕ್ಟನ್ ಆಯೋಗದ ಸದಸ್ಯೆಯಾಗಿದ್ದ ಅವರು, ಆಫ್ರಿಕನ್ನರ ಆಡಳಿತ ಅನಿವಾರ್ಯವೆಂಬುದನ್ನು ಒಪ್ಪಿದ್ದರು.

1959ರಲ್ಲಿ ಬಂದ ‘ದಿ ಫ್ಲೇಮ್ ಟ್ರೀಸ್ ಆಫ್ ಥಿಕಾ’ ಎಂಬ ಬಾಲ್ಯದ ನೆನಪುಗಳು ಅವರಿಗೆ ಜಗತ್ಪ್ರಸಿದ್ಧಿ ತಂದವು; 1981ರಲ್ಲಿ ಅದು ದೂರದರ್ಶನ ಧಾರಾವಾಹಿಯೂ ಆಯಿತು. ಆ ಪ್ರಸಿದ್ಧಿಯ ನೆರಳಿನಲ್ಲಿ ‘ರೆಡ್ ಸ್ಟ್ರೇಂಜರ್ಸ್’ ಮಸುಕಾಯಿತು. ಕೀನ್ಯಾ 1963ರ ಡಿಸೆಂಬರ್ 12ರಂದು ಸ್ವತಂತ್ರವಾಯಿತು. ಎನ್ಜೋರೊದ ತೋಟವನ್ನು ಬಿಟ್ಟ ತಾಯಿ ನೆಲ್ಲಿ 1965ರಲ್ಲಿ ಪೋರ್ಚುಗಲ್ಲಿಗೆ ಹೋದರು. ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದ ಹಳ್ಳಿಯೊಂದರಲ್ಲಿ ನೆಲೆಸಿದ್ದ ಎಲ್ಸ್‌ಪೆತ್ 1997ರ ಜನವರಿ 10ರಂದು, 89ನೆಯ ವಯಸ್ಸಿನಲ್ಲಿ ನಿಧನರಾದರು. ನೈರೋಬಿಯಲ್ಲಿ ಹುಟ್ಟಿದ ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ಒತ್ತಾಯದ ಫಲವಾಗಿ, ಅವರದೇ ಮುನ್ನುಡಿಯೊಂದಿಗೆ, ಮರೆತಿದ್ದ ಕಾದಂಬರಿ 1999ರಲ್ಲಿ ಮತ್ತೆ ಅಚ್ಚಾಯಿತು.

ಹೊರಗಿನವರು ಒಂದು ಜನರ ಒಳಗಿನ ಬದುಕನ್ನು ಬರೆಯಬಹುದೇ ಎಂಬ ಪ್ರಶ್ನೆಗೆ ಈ ಜೀವನ ಒಂದು ಉತ್ತರ ಕೊಡುತ್ತದೆ: ಶ್ರದ್ಧೆಯಿಂದ ಕೇಳಿದರೆ ಬಹಳಷ್ಟನ್ನು ಬರೆಯಬಹುದು, ಆದರೆ ಅದು ಆ ಜನರ ಸ್ವಂತ ದನಿಗೆ ಬದಲಿಯಾಗದು. 1964ರಲ್ಲಿ ಗೂಗಿ ವಾ ಥಿಯಾಂಗೊ ಅವರ ಮೊದಲ ಕಾದಂಬರಿ ಪ್ರಕಟವಾದಾಗ ಆ ದನಿ ಕೇಳಿತು. ಮುಂದೆ ಅವರು ಇಂಗ್ಲಿಷನ್ನು ಬಿಟ್ಟು ತಾಯ್ನುಡಿಯಲ್ಲೇ ಬರೆದರು. ನಮ್ಮಲ್ಲಿ ನಿರಂಜನರು 1955ರಲ್ಲಿ ‘ಚಿರಸ್ಮರಣೆ’ಯನ್ನು ಬರೆದಾಗ ಅವರೂ ಇಂಥ ಗಡಿಯನ್ನು ದಾಟಿದ್ದರು. ಕಾಸರಗೋಡು ತಾಲ್ಲೂಕಿನ ಕಯ್ಯೂರಿನ ಮಲೆಯಾಳಿ ರೈತರ ಹೋರಾಟವನ್ನೂ, 1943ರ ಮಾರ್ಚ್ 29ರಂದು ಗಲ್ಲಿಗೇರಿದ ನಾಲ್ವರನ್ನೂ ಅವರು ಕನ್ನಡಕ್ಕೆ ತಂದರು. ಆದರೆ ಅವರು ನೆರೆಯವರ ಬಗ್ಗೆ ಬರೆದದ್ದು ಆಳುವವರ ಪಕ್ಕದಲ್ಲಿ ಕುಳಿತಲ್ಲ, ಹೋರಾಟಗಾರರ ಜೊತೆಗಾರನಾಗಿ.

ಹೊರನಾಡ ಕನ್ನಡಿಗರಾದ ನಮಗೆ ಇಲ್ಲಿ ಇನ್ನೂ ಒಂದು ಮಾತು ಉಳಿದಿದೆ. 1896ರಿಂದ 1901ರವರೆಗೆ ಉಗಾಂಡ ರೈಲುಮಾರ್ಗ ಕಟ್ಟಲು 30,000ಕ್ಕೂ ಹೆಚ್ಚು ಭಾರತೀಯರು ಪೂರ್ವ ಆಫ್ರಿಕಕ್ಕೆ ಬಂದರು. ಬಿಳಿಯರ ಎತ್ತರದ ನೆಲವೂ ಮುಥೈಗಾ ಕ್ಲಬ್ಬೂ ಅವರಿಗೆ ನಿಷಿದ್ಧವಾಗಿದ್ದವು. ಕಿಕುಯು ರೈತರ ಕಣ್ಣಿನಲ್ಲಿ ಅವರೂ ಹೊರಗಿನವರೇ. ಎಲ್ಸ್‌ಪೆತ್ ಅವರ ಪುಟಗಳಲ್ಲಿ ಈ ಜನ ಬಹುಮಟ್ಟಿಗೆ ಅಂಚಿನ ಅಂಗಡಿಯವರಾಗಿ ಸುಳಿದುಹೋಗುತ್ತಾರೆ. ಇಂಥ ನಡುವಿನ ಜಾಗದಲ್ಲಿ ಬದುಕಿದವರ ಮನೆಗಳ ಹಿರಿಯರು ಇರುವಾಗಲೇ ಅವರ ನೆನಪುಗಳನ್ನು ಕೇಳಿ ಬರೆದಿಡುವುದು, ಎಲ್ಸ್‌ಪೆತ್ ಕಿಕುಯು ಹಿರಿಯರ ಬಳಿ ಮಾಡಿದ ಕೆಲಸದಿಂದ ನಾವು ಕಲಿಯಬಹುದಾದ ಪಾಠ.